ಲೇಥ್‌ಗೆ (ಲೋಹವನ್ನು ತಿರುಗಿಸುತ್ತಾ ಕತ್ತರಿಸುವ ಮಷಿನ್) ಜಾಬ್ (ಕತ್ತರಿಸಬೇಕಾದ ಭಾಗ) ಹಾಕಲು ರೋಬೋ ಬೇಕು, ಫಾನುಕ್ ಎಂ-10ಐಡಿ/12 ತಗೊಳ್ಳಲಾ, ಯಸ್ಕಾವಾ ಜಿಪಿ12 ತಗೊಳ್ಳಲಾ? ರಿಪೀಟಬಿಲಿಟಿ, ಅಂದರೆ ಪ್ರತಿ ಸಲ ಅದೇ ಜಾಗಕ್ಕೆ ಕರೆಕ್ಟಾಗಿ ಬರೋದು, ಯಾವುದರದು ಚೆನ್ನಾಗಿದೆ?

ಯಾವುದಾದರೂ ತಗೊಳ್ಳಿ. ಬೇಜಾರು ಮಾಡ್ಕೋಬೇಡಿ, ತಮಾಷೆಗೆ ಹೇಳುತ್ತಿಲ್ಲ. ಎರಡೂ 12 ಕೆಜಿ ಎತ್ತುವಂಥವು. ಒಂದರ ರೀಚ್ (ಕೈ ಚಾಚುವ ದೂರ) 1441 ಮಿಮೀ, ಇನ್ನೊಂದರದು 1440. ಪೀಣ್ಯದ ನಮ್ಮ ಶಾಪ್‌ಗೆ ಮೊದಲ ರೋಬೋ ತರುವಾಗ ನಾನೂ ಹೀಗೇ ಎರಡು ಬ್ರೋಷರ್ ಪಕ್ಕಪಕ್ಕ ಇಟ್ಟುಕೊಂಡು ತಲೆ ಕೆಡಿಸಿಕೊಂಡಿದ್ದೆ. ಓದಲೇಬೇಕಾದ ಸಾಲು ಒಂದಿತ್ತು, ಅದನ್ನು ಮಾತ್ರ ಓದಲಿಲ್ಲ.

ನಮ್ಮದು ಕ್ಯಾಸ್ಟಿಂಗ್ ಫ್ಲಾಂಜ್, ಅಂದರೆ ಎರಕ ಹೊಯ್ದ ಬಿಲ್ಲೆಯಂಥ ಭಾಗ. ಕಚ್ಚಾ ಜಾಬ್ 3 ಕೆಜಿ, ಟರ್ನಿಂಗ್ ಆದ ಮೇಲೆ ಎರಡೂವರೆ. ರೋಬೋ ತುದಿಗೆ ಡಬಲ್ ಗ್ರಿಪ್ಪರ್ (ಜಾಬ್ ಹಿಡಿಯುವ ಜೋಡಿ ಕೈ) ಹಾಕಿಸಿದ್ದೆವು. ಒಂದು ಕೈ ಮುಗಿದ ಜಾಬನ್ನು ಚಕ್‌ನಿಂದ (ಲೇಥ್‌ನಲ್ಲಿ ಜಾಬ್ ಕಚ್ಚಿ ಹಿಡಿಯುವ ಭಾಗ) ತೆಗೆಯುತ್ತದೆ, ಆಮೇಲೆ ರಿಸ್ಟ್ (ರೋಬೋದ ಮಣಿಕಟ್ಟು) ತಿರುಗಿ ಇನ್ನೊಂದು ಕೈ ಹೊಸದನ್ನು ಕೂರಿಸುತ್ತದೆ. ಅಂದರೆ ಒಂದು ಗಳಿಗೆ ಎರಡೂ ಜಾಬ್ ಕೈಯಲ್ಲೇ ಇರುತ್ತವೆ. ಗ್ರಿಪ್ಪರ್ 5 ಕೆಜಿ ಸೇರಿಸಿದರೆ ಹತ್ತೂವರೆ. 12ರ ಒಳಗೇ ಇದೆ ಅಲ್ವಾ? ಇಂಟಿಗ್ರೇಟರ್ (ರೋಬೋ ಕೂರಿಸಿ ಕೊಡುವವನು) ಕೂಡ ಹೂಂ ಅಂತ ತಲೆಯಾಡಿಸಿದ.

ಆದರೆ ಆ 12 ಕೆಜಿ ಅನ್ನೋದು ಭಾರ ರಿಸ್ಟ್‌ಗೆ ಹತ್ತಿರ ಇದ್ದರೆ ಮಾತ್ರ. ತುಂಬಿದ ಕೊಡ ಸೊಂಟಕ್ಕೆ ಒತ್ತಿ ಹಿಡಿಯೋದೇ ಬೇರೆ, ಕೈ ಚಾಚಿ ಹಿಡಿಯೋದೇ ಬೇರೆ. ನಮ್ಮ ಗ್ರಿಪ್ಪರ್ ಬ್ರಾಕೆಟ್ ಉದ್ದವಾಗಿ, ಒಟ್ಟು ಭಾರದ ಸೆಂಟರ್ ಐದನೇ ಆ್ಯಕ್ಸಿಸ್‌ನಿಂದ (ರಿಸ್ಟ್ ಬಾಗುವ ಕೀಲು) 280 ಮಿಮೀ ಆಚೆ ಬಿದ್ದಿತ್ತು. 10.5 × 9.8 × 0.28 ಹಾಕಿ ನೋಡಿ, ಸುಮಾರು 29 ನ್ಯೂಟನ್-ಮೀಟರ್. ಆ ಕೀಲು ಎಷ್ಟು ನ್ಯೂಟನ್-ಮೀಟರ್ ತಡೆಯುತ್ತದೆ ಅನ್ನೋದೇ ನಾನು ಬ್ರೋಷರ್‌ನಲ್ಲಿ ಓದದೇ ಬಿಟ್ಟ ಸಾಲು. ನೀವು ಹೇಳುವ ಎರಡು ರೋಬೋಗಳಲ್ಲೂ ಆ ಮಿತಿ 22ರಿಂದ 26ರ ಒಳಗಿನದು, 29 ಯಾವುದಕ್ಕೂ ಆಗಲ್ಲ. ಫುಲ್ ಸ್ಪೀಡ್‌ನಲ್ಲಿ ತಿರುಗಿದಾಗಲೆಲ್ಲ ಓವರ್‌ಲೋಡ್ ಅಲಾರಂ ಬಂದು ಕೈ ಗಕ್ಕನೆ ನಿಲ್ಲುತ್ತಿತ್ತು, ಬಾಗಿಲು ತೆರೆದ ಲೇಥ್ ಒಳಗೇ, ಎರಡು ಜಾಬ್ ಹಿಡಿದುಕೊಂಡು. ಇಂಟಿಗ್ರೇಟರ್ ಬಂದು ಸ್ಪೀಡ್ ಇಳಿಸಿ ಹೋದ. ಅಲಾರಂ ಏನೋ ನಿಂತಿತು, ಆದರೆ ಕೈಯಲ್ಲಿ ಜಾಬ್ ಹಾಕುತ್ತಿದ್ದ ನಮ್ಮ ಹುಡುಗನೇ ರೋಬೋಗಿಂತ ಫಾಸ್ಟು! ಕೊನೆಗೆ ಅಲ್ಯೂಮಿನಿಯಂನಲ್ಲಿ ಗಿಡ್ಡ ಗ್ರಿಪ್ಪರ್ ಹೊಸದಾಗಿ ಮಾಡಿಸಿ, ಟೀಚ್ ಪೆಂಡೆಂಟ್‌ನಲ್ಲಿ (ರೋಬೋಗೆ ಹೇಳಿಕೊಡುವ ಕೈ ರಿಮೋಟ್) ಪೇಲೋಡ್ (ಹೊರುವ ಭಾರ) ತೂಕ, ಸೆಂಟರ್ ಸರಿಯಾಗಿ ತುಂಬಿದ ಮೇಲೆ ಸರಿ ಹೋಯಿತು. ಅಷ್ಟರಲ್ಲಿ ಗ್ರಿಪ್ಪರ್‌ಗೆ ಎರಡು ಸಲ ದುಡ್ಡು ಕೊಟ್ಟಾಗಿತ್ತು. ರೋಬೋ ಯಾವ ಕಂಪನಿಯದು ಅಂತ ಕೇಳಬೇಡಿ, ಅದರ ತಪ್ಪು ಏನೂ ಇರಲಿಲ್ಲ.

ಅದಕ್ಕೇ ಮೊದಲು ಗ್ರಿಪ್ಪರ್ ಡ್ರಾಯಿಂಗ್ ಮಾಡಿಸಿ, ರೋಬೋ ಆಮೇಲೆ. ನೀವು ರಿಪೀಟಬಿಲಿಟಿ ಬಗ್ಗೆ ಕೇಳಿದ್ದೀರಿ. ಕ್ಯಾಸ್ಟಿಂಗ್‌ಗೆ ಅದರ ಚಿಂತೆ ಸುಮ್ನೆ. ಜಾಬೇ ಒಂದೊಂದು ಒಂದೊಂದು ತರ ಇರುತ್ತದೆ, ಹೇಗೂ ಚಕ್ ಹಿಡಿದಾಗ ಸೆಂಟರ್‌ಗೆ ಬಂದು ಕೂರುತ್ತದೆ. ಅದಕ್ಕಿಂತ ಜಾಸ್ತಿ ಕಾಟ ಕೊಡೋದು ಚಕ್‌ನ ಜಾ (ಹಿಡಿಯುವ ದವಡೆ) ಮೇಲೆ ಕೂತ ಚಿಪ್ಸ್, ಅಂದರೆ ಕತ್ತರಿಸಿದ ಲೋಹದ ಚೂರು. ಒಂದು ಏರ್ ಬ್ಲೋ ನಾಝಲ್ ಹಾಕಿಸಿ.

ಇನ್ನೊಂದು, ನಿಮ್ಮ ಲೇಥ್‌ಗೆ ಆಟೋ ಡೋರ್ ಇದೆಯಾ? ಬಾಗಿಲು ತೆರೆದಿದೆ, ಚಕ್ ಹಿಡಿದಿದೆ, ಸೈಕಲ್ ಶುರು ಮಾಡು, ಈ ಸಿಗ್ನಲ್‌ಗಳು ರೋಬೋಗೂ ಲೇಥ್‌ಗೂ ಮಧ್ಯೆ ಓಡಾಡಬೇಕು. ಹಳೇ ಮಷಿನ್ ಆದರೆ ಪಿಎಲ್‌ಸಿ ಲ್ಯಾಡರ್ (ಮಷಿನ್‌ನ ಸಿಗ್ನಲ್ ನಡೆಸುವ ಪ್ರೋಗ್ರಾಂ) ಮುಟ್ಟಬೇಕಾಗಬಹುದು, ಅದನ್ನು ಯಾರು ಮಾಡುತ್ತಾರೆ ಅಂತ ಪಿಒ (ಖರೀದಿ ಆರ್ಡರ್) ಕೊಡುವ ಮುಂಚೆಯೇ ಬರೆಸಿಕೊಳ್ಳಿ.