ನನ್ನ 15 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್ ನಾಲ್ಕು ಜನ ಕೂತ್ರೆ ಬೋಟನ್ನ ಎತ್ತಲ್ಲ, ಹೆಡ್ (ಸಿಲಿಂಡರಿನ ಮುಚ್ಚಳ) ತೇಯ್ಸಿ ಪೋರ್ಟ್ (ಸಿಲಿಂಡರ್ ಗೋಡೆಯ ಕಿಂಡಿ) ದೊಡ್ಡದು ಮಾಡ್ಸಿದ್ರೆ ಪವರ್ ಬರುತ್ತಾ?

ಬರುತ್ತೆ, ಆದ್ರೆ ದಯವಿಟ್ಟು ಮಾಡಿಸ್ಬೇಡಿ. ನಂದೂ ಇದೇ 15 ಎಚ್‌ಪಿ, ಎರಡು ಸಿಲಿಂಡರ್. ಹೆಡ್ ತೇಯ್ಸಿದೆ, ಎಕ್ಸಾಸ್ಟ್ ಪೋರ್ಟಿನ, ಅಂದ್ರೆ ಹೊಗೆ ಹೊರಗೆ ಹೋಗೋ ಕಿಂಡಿಯ, ಮೇಲಂಚು ಎತ್ತರಿಸಿದೆ, ಮೊದಲನೇ ದಿನ ಒಬ್ನೇ ಹೋದಾಗ ಬೋಟು ಹಾರ್ತಿತ್ತು. ಮೂರನೇ ಸಲ ನಡು ನೀರಲ್ಲಿ ಇಂಜಿನ್ ನಿಂತೋಯ್ತು, ಬಿಚ್ಚಿ ನೋಡಿದ್ರೆ ಮೇಲಿನ ಪಿಸ್ಟನ್ ತಲೇಲಿ ತೂತು.

ತಪ್ಪಾಗಿದ್ದು ಎಲ್ಲಿ ಅಂದ್ರೆ ಮೇನ್ ಜೆಟ್, ಕಾರ್ಬೊರೇಟರಲ್ಲಿ ಪೆಟ್ರೋಲ್ ಅಳೆದು ಬಿಡೋ ತೂತು. ಡ್ರಮ್ಮಲ್ಲಿ ನೀರು ತುಂಬಿ ಇಂಜಿನ್ ಓಡಿಸಿ ಪ್ಲಗ್ ಬಿಚ್ಚಿ ನೋಡಿದ್ದೆ, ಒಳ್ಳೆ ಕಂದು ಬಣ್ಣ ಇತ್ತು, ಸರಿ ಇದೆ ಅನ್ಕೊಂಡೆ. ಆದ್ರೆ ಡ್ರಮ್ಮಲ್ಲಿ ಲೋಡೇ ಇರಲ್ಲ, ಅಲ್ಲಿ ಪೆಟ್ರೋಲ್ ಕೊಡೋದು ಐಡಲ್ ಜೆಟ್, ಮೇನ್ ಜೆಟ್ ಸಾಲುತ್ತಾ ಇಲ್ವಾ ಅಂತ ಗೊತ್ತಾಗೋದು ಥ್ರಾಟಲ್ ಜಾಸ್ತಿ ತೆರೆದು ಲೋಡಲ್ಲಿ ಓಡಿಸಿದಾಗಲೇ. ಪೋರ್ಟ್ ದೊಡ್ಡದಾಗಿ ಫುಲ್ ಥ್ರಾಟಲಲ್ಲಿ ಗಾಳಿ ಜಾಸ್ತಿ ಎಳೀತಿತ್ತು, ಜೆಟ್ ಮಾತ್ರ ಹಳೇದೇ, ಅಂದ್ರೆ ಗಾಳಿಗೆ ತಕ್ಕಷ್ಟು ಪೆಟ್ರೋಲಿಲ್ಲ. ಟೂ ಸ್ಟ್ರೋಕಲ್ಲಿ ಪೆಟ್ರೋಲ್ ಕಮ್ಮಿ ಆದ್ರೆ ಆಯಿಲ್ಲೂ ಕಮ್ಮಿ, ಯಾಕಂದ್ರೆ ಆಯಿಲ್ ಬರೋದೇ ಅದರ ಜೊತೆ. ಇದರ ಮೇಲೆ ಸೇಫ್ಟಿಗೆ ಅಂತ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ ಇದ್ದಿದ್ದನ್ನ 30ಕ್ಕೆ 1 ಮಾಡಿ ಆಯಿಲ್ ಜಾಸ್ತಿ ಹಾಕಿದ್ದೆ. ಅದೇ ತೂತಿನ ಜೆಟ್ಟಲ್ಲಿ ಆಯಿಲ್ ಜಾಸ್ತಿ ಹೋದ್ರೆ ಪೆಟ್ರೋಲ್ ಇನ್ನೂ ಕಮ್ಮಿನೇ ಹೋಗೋದು, ನಾನು ಕಾಪಾಡ್ತೀನಿ ಅಂತ ಮಾಡಿದ್ದೇ ಪಿಸ್ಟನ್ನನ್ನ ಇನ್ನಷ್ಟು ಸುಡ್ತು. ಹೆಡ್ ತೇಯ್ಸಿ ಕಂಪ್ರೆಶನ್ ಬೇರೆ ಏರಿತ್ತು, ಇಂಜಿನ್ ಸಾಯೋ ಮುಂಚೆ ಒಳಗೆ ಜಲ್ಲಿಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಬಂತು, ಅದು ಡಿಟೋನೇಶನ್ (ಪೆಟ್ರೋಲ್ ಸಮವಾಗಿ ಉರಿಯದೆ ತಾನೇ ಸಿಡಿಯೋದು) ಅಂತ ಆಗ ಗೊತ್ತಿರಲಿಲ್ಲ.

ಬೈಕ್ ಟ್ಯೂನಿಂಗ್ ಬಲ್ಲವರ ಮಾತು ಇಲ್ಲಿ ನಡೆಯಲ್ಲ. ಬೈಕಲ್ಲಿ ಫುಲ್ ಥ್ರಾಟಲ್ ಹಿಡಿಯೋದು ಕೆಲವು ಸೆಕೆಂಡ್, ಬೋಟಲ್ಲಿ ಇಂಜಿನ್ ಇಡೀ ಹೊತ್ತು ಘಾಟಿ ಹತ್ತುತ್ತಾನೇ ಇರುತ್ತೆ.

ಎಷ್ಟೋ ಮಾಡೆಲಲ್ಲಿ 9.9 ಮತ್ತು 15 ಒಂದೇ ಬ್ಲಾಕು, 9.9 ಇದ್ದವರಿಗೆ ಕಾರ್ಬೊರೇಟರ್ ಬದಲಾಯಿಸಿದ್ರೆ ಏನಾದ್ರೂ ಸಿಗಬಹುದು. ನಿಮ್ಮದು 15, ಅದರಿಂದ ಹಿಂಡೋದನ್ನ ಕಂಪನಿಯವರೇ ಹಿಂಡಿಯಾಗಿದೆ. ಇನ್ನೊಂದು, ಎಕ್ಸಾಸ್ಟ್ ಪೋರ್ಟ್ ಎತ್ತರಿಸಿದ್ರೆ ಕೆಳಗಿನ ಆರ್‌ಪಿಎಮ್ಮಲ್ಲಿ ಎಳೆಯೋ ಶಕ್ತಿ ಹೋಗುತ್ತೆ, ನಾಲ್ಕು ಜನ ಕೂತಾಗ ನಿಮಗೆ ಬೇಕಿರೋದೇ ಅದು!

ನನ್ನ ಪ್ರಕಾರ ನಿಮಗೆ ಪವರ್ ಕಮ್ಮಿ ಇಲ್ಲ, ಪ್ರೊಪೆಲ್ಲರ್ ತಪ್ಪಿದೆ. ಟ್ಯಾಕೋಮೀಟರ್ (ಆರ್‌ಪಿಎಮ್ ತೋರ್ಸೋ ಮೀಟರ್) ಹಾಕಿ, ನಾಲ್ಕು ಜನ ಕೂತು ಫುಲ್ ಥ್ರಾಟಲಲ್ಲಿ ಎಷ್ಟು ಆರ್‌ಪಿಎಮ್ ಬರುತ್ತೆ ನೋಡಿ. ನನ್ನ ಮ್ಯಾನ್ಯುಯಲಲ್ಲಿ 5000ದಿಂದ 6000 ಅಂತಿತ್ತು, ಬರ್ತಿದ್ದಿದ್ದು 4700, ಅಂದ್ರೆ ಪ್ರೊಪೆಲ್ಲರ್ ಇಂಜಿನ್ನಿಗೆ ಭಾರ. ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದಲ್ಲಿ ಮುಂದೆ ಸಾಗೋ ದೂರ) ಒಂದಿಂಚು ಇಳಿದ್ರೆ ಸುಮಾರು 200 ಆರ್‌ಪಿಎಮ್ ಏರುತ್ತೆ. ಇಂಜಿನ್ನನ್ನ ಮೊದಲಿದ್ದ ಹಾಗೇ ಕಟ್ಟಿಸಿ ಎರಡಿಂಚು ಕಮ್ಮಿ ಪಿಚ್ಚಿನ ಪ್ರೊಪೆಲ್ಲರ್ ಹಾಕಿದೆ, 5100 ಬಂತು, ನಾಲ್ಕು ಜನರನ್ನ ಎತ್ಕೊಂಡು ಹೋಗುತ್ತೆ.

ಆಗಲೇ ಪೋರ್ಟ್ ತೇಯ್ಸಿಯಾಗಿದೆ ಅಂದ್ರೆ ಮೊದಲು ದೊಡ್ಡ ಮೇನ್ ಜೆಟ್ ಹಾಕಿ. ನೀರಿಗಿಳಿದು ಲೋಡಲ್ಲಿ ಸ್ವಲ್ಪ ಹೊತ್ತು ಫುಲ್ ಥ್ರಾಟಲ್ ಓಡಿಸಿ, ಐಡಲ್‌ಗೆ ಇಳಿಸದೆ ಹಾಗೇ ಆಫ್ ಮಾಡಿ ಪ್ಲಗ್ ಬಿಚ್ಚಿ. ಪ್ಲಗ್ ಬೆಳ್ಳಗಿದ್ರೆ ಪೆಟ್ರೋಲ್ ಇನ್ನೂ ಕಮ್ಮಿ ಅಂತ ಅರ್ಥ, ಹುಟ್ಟು ಹಾಕ್ಕೊಂಡೇ ದಡಕ್ಕೆ ಬನ್ನಿ.