ಸೇಂದಿ ಬಿಡಿಸಾಕ ಆಯುರ್ವೇದ ಕೇಂದ್ರಕ್ಕ ಕಳಿಸ್ಲ್ಯಾ?

ಪ್ರಶ್ನೆ: ನಮ್ಮ ಯಜಮಾನ್ರು ಹತ್ತು ವರ್ಷದಿಂದ ಸೇಂದಿ ಕುಡೀತಾರ, ಈಗ ಮುಂಜಾನಿ ಎದ್ದ ಕೂಡ್ಲೇ ಬೇಕು. ಹೋದ ವರ್ಷ ಮನ್ಯಾಗ ಕೂಡಿ ಹಾಕಿ ಬಿಡಿಸಾಕ ಹೋದ್ರ ಎರಡನೇ ದಿನ ಫಿಟ್ಸ್ ಬಂತು. ಈಗ ಒಂದು ಕೇಂದ್ರದೋರು ಮೂರು ತಿಂಗಳು ಇಲ್ಲೇ ಬಿಡ್ರಿ, ಇಂಗ್ಲಿಷ್ ಗುಳಗಿ ಇಲ್ದಂಗ ಪಂಚಕರ್ಮ, ಯೋಗ, ಧ್ಯಾನದಿಂದ ಬಿಡಿಸ್ತೀವಿ ಅಂತಾರ. ಕಳಿಸ್ಲ್ಯಾ?
– ಓದುಗ ತಂಗಿ, ಮಾನ್ವಿ ತಾಲೂಕು

ಉತ್ತರ: ಕಳಿಸಬೇಕಂದ್ರ ಕಳಿಸವ್ವ, ಆದ್ರ ಮನಿಯಿಂದ ಸೀದಾ ಅಲ್ಲಿಗೆ ಬ್ಯಾಡ. ಮೊದ್ಲು ದವಾಖಾನಿ, ಆಮ್ಯಾಲ ಆ ಕೇಂದ್ರ.

ಯಾಕಂದ್ರ ನಮ್ಮ ರಾಯಚೂರು ಕಡೆ ಅಂಗಡ್ಯಾಗ ಸಿಗೋ ಸೇಂದಿ ಬಹಳಷ್ಟು ಗಿಡದಿಂದ ಇಳಿಸಿದ್ದಲ್ಲ, ಸಿಎಚ್ ಪೌಡರ್ ಕಲಿಸಿದ್ದು, ಅಂದ್ರ ಕ್ಲೋರಲ್ ಹೈಡ್ರೇಟ್, ನಿದ್ದಿ ಬರ್ಸೋ ಕೆಮಿಕಲ್ಲು, ವರ್ಷಗಟ್ಲೆ ಅದಕ್ಕ ಒಗ್ಗಿದ ಮಿದುಳಿಗೆ ಒಮ್ಮಿಗೇ ಅದು ಸಿಗ್ಲಿಲ್ಲಂದ್ರ ತಡ್ಕೊಳಂಗಿಲ್ಲ. ಮೊದ್ಲು ಕೈ ನಡುಗ್ತದ, ಚಾದ ಕಪ್ಪು ಬಸಿ ಮ್ಯಾಲ ಟಕಟಕ ಅಂತದ. ಒಂದೆರಡು ದಿನದಾಗ ಫಿಟ್ಸ್ ಬರಬಹುದು. ಮೂರ್ನಾಲ್ಕನೇ ದಿನ ಗ್ವಾಡಿ ಮ್ಯಾಲ ಹುಳ ಹರದಾಡ್ತಾವ ಅಂತ ಒದರ್ತಾರ, ಇಲ್ಲದ ದಾರ ಹಾಸಿಗ್ಯಾಗಿಂದ ಹೆಕ್ಕಿ ತೆಗೀತಾರ, ಹೆಂಡ್ತಿ ಗುರುತೇ ಹತ್ತಂಗಿಲ್ಲ. ಇದಕ್ಕ ದೆವ್ವ ಬಡದದ ಅಂತ ತಾಯ್ತಾ ಕಟ್ಟಿಸಿ ಎರಡು ದಿನ ಕಳದು ಬಂದ ಮನಿ ಮಂದಿನ್ನ ನಾ ನೋಡೀನಿ, ಜೀವ ಹೋಗೋ ರೋಗ ಅದು. ನಿಮ್ಮೋರಿಗೆ ಒಮ್ಮೆ ಫಿಟ್ಸ್ ಬಂದದ, ಮತ್ತ ಬರೋ ಸಾಧ್ಯತೆ ಜಾಸ್ತಿ. ಅದಕ್ಕ ರಾಯಚೂರಿನ ಸರ್ಕಾರಿ ದವಾಖಾನಿ ರಿಮ್ಸ್‌ನಾಗ ಮಾನಸಿಕ ವಿಭಾಗಕ್ಕ ತೋರಿಸ್ರಿ. ವಾರ ಹತ್ತು ದಿನ ಇಟ್ಕೊಂಡು ಗುಳಗಿ ಕೊಟ್ಟು ಸಾವಕಾಶ ಕಡಿಮಿ ಮಾಡ್ತಾರ, ಬಿ1 ವಿಟಮಿನ್ ಇಂಜೆಕ್ಷನ್ ಹಾಕ್ತಾರ. ಎಣ್ಣಿ ಹಚ್ಚಿದ್ರ ಆ ಫಿಟ್ಸ್ ನಿಲ್ಲಂಗಿಲ್ಲ.

ಆಮ್ಯಾಲ ಅಭ್ಯಂಗ (ಮೈಗೆ ಎಣ್ಣಿ ತಿಕ್ಕೋದು), ಶಿರೋಧಾರೆ (ಹಣಿ ಮ್ಯಾಲ ಎಣ್ಣಿ ಧಾರೆ ಬಿಡೋದು), ಯೋಗ ಮಾಡಿಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಾಗ 24ನೇ ಅಧ್ಯಾಯ ಪೂರ್ತಿ ಮದಾತ್ಯಯದ್ದೇ, ಅಂದ್ರ ಕುಡಿತದಿಂದ ಬರೋ ರೋಗದ್ದೇ ಅದ. ಬಿಟ್ಟ ಮ್ಯಾಲೂ ತಿಂಗಳುಗಟ್ಲೆ ನಿದ್ದಿ ಹತ್ತಂಗಿಲ್ಲ, ಸಿಟ್ಟು, ಚಡಪಡಿಕಿ, ಆವಾಗ ಹೊತ್ತಿಗೆ ಏಳೋದು, ಉಣ್ಣೋದು, ಹಳೇ ಗೆಳೆಯರಿಂದ ದೂರ ಇರೋದು ಭಾಳ ಉಪಯೋಗ. ಒಂದು ಮಾತು ಮಾತ್ರ ನೆನಪಿರ್ಲಿ: ಅಶ್ವಗಂಧಾರಿಷ್ಟ, ದ್ರಾಕ್ಷಾರಿಷ್ಟ, ಆಸವ ಇವು ಹುಳಿ ಬರ್ಸಿ ಮಾಡಿದ ಔಷಧಿ, ಅದ್ರಾಗ ಆಲ್ಕೋಹಾಲ್ ತಾನೇ ಹುಟ್ಟಿರ್ತದ, ಕುಡಿಯೋದು ಬಿಟ್ಟೋರಿಗೆ ಕೊಡಬಾರ್ದು. ಡಾಕ್ಟರು ಡೈಸಲ್ಫಿರಾಮ್, ಅಂದ್ರ ಕುಡದ್ರ ಮೈಗೆ ತ್ರಾಸ ಆಗೋ ಹಂಗ ಮಾಡೋ ಗುಳಗಿ, ಬರ್ದಿದ್ರಂತೂ ಒಂದು ಚಮಚಕ್ಕೂ ಎದಿ ಹೊಡ್ಕೊಂಡು ಬಿಪಿ ಇಳೀಬಹುದು. ಆ ಗುಳಗಿನ್ನ ಅವ್ರಿಗೆ ಗೊತ್ತಿಲ್ದಂಗ ಸಾರಿನಾಗ ಹಾಕೋದಂತೂ ಬ್ಯಾಡೇ ಬ್ಯಾಡ.

ಕೇಂದ್ರಕ್ಕ ಹೋದಾಗ ಕೇಳ್ರಿ, ರಾತ್ರಿ ಡಾಕ್ಟರ್ ಇರ್ತಾರೇನು, ಮಾನಸಿಕ ಆರೋಗ್ಯ ಕಾಯ್ದೆ 2017ರ ಕೆಳಗ ನೋಂದಣಿ ಆಗೇದೇನು, ನೀವು ಫೋನ್ ಮಾಡಿದ್ರ ಅವ್ರ ಕೈಗೆ ಕೊಡ್ತಾರೇನು. ಸರಪಳಿ ಹಾಕೋದು ಅದೇ ಕಾಯ್ದೆ ಪ್ರಕಾರ ಅಪರಾಧ. ರಾತ್ರಿ ಏನರ ಗಾಬರಿ ಆದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ರೊಕ್ಕ ಹತ್ತಂಗಿಲ್ಲ, ಕನ್ನಡದಾಗ ಮಾತಾಡ್ತಾರ. ಆದ್ರ ಫಿಟ್ಸ್ ಬಂದ್ರ ಫೋನಿನಾಗ ಕೂಡಬ್ಯಾಡ್ರಿ, 108 ಕರೀರಿ.

ಮತ್ತ ರಿಮ್ಸ್‌ನಾಗ ನಾಚಿಕಿ ಪಟ್ಕೊಂಡು ಸ್ವಲ್ಪ ಕುಡೀತಾರ ಅನ್ನಬ್ಯಾಡವ್ವ. ಸಿಎಚ್ ಪೌಡರ್ ಸೇಂದಿ, ದಿನಕ್ಕ ಇಷ್ಟು ಬಾಟ್ಲಿ, ಕಡೀಗೆ ಕುಡದಿದ್ದು ಎಷ್ಟು ಗಂಟೆಗೆ, ಹೋದ ವರ್ಷ ಫಿಟ್ಸ್ ಬಂದಿತ್ತು, ಇಷ್ಟನ್ನೂ ಬಾಯಿಬಿಟ್ಟು ಹೇಳ್ರಿ. ಡೋಸ್ ಅದ್ರ ಮ್ಯಾಲೇ ಲೆಕ್ಕ ಹಾಕ್ತಾರ.