ಮಡಚುವ ಚಾಕು ಮಾಡುವ ಆಸೆ. ಡಿಸೈನಿಗೆ ಸ್ಫೂರ್ತಿ ಎಲ್ಲಿಂದ ತರಲಿ, ಯಾವ ಉಕ್ಕು ಒಳ್ಳೆಯದು?

ಉಕ್ಕಿನ ಮಾತು ಆಮೇಲೆ. ನಾನೂ ಹೀಗೇ ಚಿತ್ರ ಬರೆಯುತ್ತಾ ಶುರು ಮಾಡಿದವನು. ಹಕ್ಕಿಯ ರೆಕ್ಕೆ, ಮೀನಿನ ಬೆನ್ನು, ಏನು ಕಂಡರೂ ಅಲಗಾಗಿಯೇ ಕಾಣುತ್ತಿತ್ತು. ಬರೆದದ್ದೆಲ್ಲ ತೆರೆದ ಚಾಕುಗಳೇ. ಮಡಚಿದಾಗ ತುದಿ ಹೊರಗೆ ಇಣುಕುತ್ತದಾ ಅಂತ ಒಂದರಲ್ಲೂ ನೋಡಿರಲಿಲ್ಲ. ಈಗ ರಟ್ಟಿನಲ್ಲಿ ಅಲಗು, ಹಿಡಿ ಕತ್ತರಿಸಿ, ಪಿವಟ್, ಅಂದರೆ ಅಲಗು ತಿರುಗುವ ಕೀಲು, ಬರುವ ಜಾಗಕ್ಕೆ ಗುಂಡುಸೂಜಿ ಚುಚ್ಚಿ ತಿರುಗಿಸುತ್ತೇನೆ. ಪಿವಟ್ 2 ಮಿ.ಮೀ. ಸರಿದರೆ ಇಡೀ ಆಕಾರ ಬದಲಾಗುತ್ತದೆ, ಎಷ್ಟೋ ಸಲ ಮೊದಲಿನದಕ್ಕಿಂತ ಚೆನ್ನಾಗಿಯೇ ಆಗುತ್ತದೆ. ನನ್ನ ಸ್ಫೂರ್ತಿ ಇಷ್ಟೇ.

ಪೆಟ್ಟು ಬಿದ್ದದ್ದು ಲಾಕಿನಲ್ಲಿ. 1980ರ ದಶಕದಲ್ಲಿ ಅಮೆರಿಕದ ಚಾಕು ತಯಾರಕ ಮೈಕಲ್ ವಾಕರ್ ಈಗಿನ ರೂಪ ಕೊಟ್ಟ ಲೈನರ್ ಲಾಕ್ ಗೊತ್ತಲ್ವಾ? ಹಿಡಿಯೊಳಗಿನ ತೆಳು ಪಟ್ಟಿ ಪಕ್ಕಕ್ಕೆ ಸರಿದು, ತೆರೆದ ಅಲಗಿನ ಬುಡಕ್ಕೆ ಆನಿಕೊಂಡು ನಿಲ್ಲುತ್ತದೆ. ಬುಡದ ಆ ಮುಖ ಸುಮಾರು 7ರಿಂದ 8 ಡಿಗ್ರಿ ಓರೆ ಇರಬೇಕು. ಓರೆ ತೀರಾ ಜಾಸ್ತಿಯಾದರೆ ಒತ್ತಿದಾಗ ಪಟ್ಟಿ ಜಾರಿ ಅಲಗು ಬೆರಳ ಮೇಲೇ ಮಡಚುತ್ತದೆ, ಕಡಿಮೆಯಾದರೆ ಪಟ್ಟಿ ಕಚ್ಚಿಕೊಂಡು ಬಿಡಿಸಲು ಒದ್ದಾಡಬೇಕು. ನಾನು ಏನು ಮಾಡಿದೆ ಅಂದರೆ, ಹದ ಹಾಕುವ, ಅಂದರೆ ಕಾಸಿ ತಣಿಸಿ ಗಡಸು ಮಾಡುವ ಮುಂಚೆ ಉಕ್ಕು ಮೆತ್ತಗಿರುತ್ತದೆ, ಈಗಲೇ ಸುಲಭ ಅಂತ ಆ ಮುಖವನ್ನು ಅರದಿಂದ ಉಜ್ಜಿ ಪಟ್ಟಿಗೆ ಸರಿಯಾಗಿ ಕೂರಿಸಿಬಿಟ್ಟೆ. ಚೂರೂ ಮಿಗಿಸಲಿಲ್ಲ. ಕುಲುಮೆಯಿಂದ ಬಂದಾಗ ಮೇಲೆ ಕರಿ ಪೊರೆ. ಅದನ್ನು ತಿಕ್ಕುವಾಗ ಮುಖದಿಂದ ಕೂದಲೆಳೆಯಷ್ಟು ಲೋಹ ಹೋಯಿತು. ಲೆಕ್ಕ ಹಾಕಿ ನೋಡಿ: 8 ಡಿಗ್ರಿ ಓರೆಯಲ್ಲಿ 0.1 ಮಿ.ಮೀ. ಹೋದರೆ ಪಟ್ಟಿ ಪಕ್ಕಕ್ಕೆ 0.7 ಮಿ.ಮೀ. ಹೆಚ್ಚು ಸರಿಯುತ್ತದೆ. ಅಲಗೇ 3 ಮಿ.ಮೀ. ದಪ್ಪ! ಪಟ್ಟಿ ಆಚೆ ಬದಿಗೇ ಹೋಗಿ ತಾಗಿತು, ತೆರೆದ ಅಲಗು ಕಟಕಟ ಅಂತ ಅಲ್ಲಾಡಿತು. ತೆಗೆದ ಲೋಹ ಮತ್ತೆ ಬರುತ್ತದಾ? ಅಲಗನ್ನು ತಡೆದು ನಿಲ್ಲಿಸುವ ಸ್ಟಾಪ್ ಪಿನ್ ಬದಲಿಸಿ ದಪ್ಪದ್ದು ಹಾಕಿದೆ. ಲಾಕ್ ಸರಿಹೋಯಿತು, ಆದರೆ ತೆರೆಯುವಾಗಲೂ ಮಡಚುವಾಗಲೂ ಅಲಗು ನಿಲ್ಲುವುದು ಅದೇ ಪಿನ್ನಿಗೆ ತಾಗಿ, ಹಾಗಾಗಿ ಮಡಚಿದಾಗ ತುದಿ ಹೊರಗೆ ಬಂತು. ಅಲಗೂ ಹೋಯಿತು, ಮಾಡಿಸಿಕೊಳ್ಳಲು ಬಂದವರೂ ಹೋದರು.

ಈಗ ಆ ಮುಖವನ್ನು ಮುಟ್ಟುವುದು ಹದ ಹಾಕಿದ ನಂತರವೇ. ಓರೆ ತಪ್ಪದಂತೆ ಹಿಡಿಯುವ ಜಿಗ್‌ನಲ್ಲಿ ಹಿಡಿದು ಉಜ್ಜು, ಜೋಡಿಸು, ಬಿಚ್ಚು, ಮತ್ತೆ ಉಜ್ಜು. ಬೇಸರದ ಕೆಲಸ. ಪಟ್ಟಿ ಅಲಗಿನ ದಪ್ಪದಲ್ಲಿ ಕಾಲು ಭಾಗಕ್ಕೆ ಬಂದು ನಿಂತರೆ ಕೈ ತೆಗೆಯುತ್ತೇನೆ, ಮುಂದೆ ಸವೆದಾಗ ಸರಿಯಲು ಜಾಗ ಬೇಕಲ್ವಾ.

ಇನ್ನು ಉಕ್ಕು. 154ಸಿಎಂ ಅನ್ನುವ ಉಕ್ಕಾಗಲಿ ಡಿ2 ಅನ್ನುವುದಾಗಲಿ, ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ 60ರ ಆಸುಪಾಸಿಗೆ ಬರುತ್ತದೆ. ಮೊದಲ ಚಾಕುವಿಗೆ ಧಾರಾಳ ಸಾಕು, ಅದರ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಲಾಕೇ ಇಲ್ಲದ, ಬೆನ್ನಿನ ಸ್ಪ್ರಿಂಗ್ ಒತ್ತಡದಿಂದಷ್ಟೇ ಅಲಗು ನಿಲ್ಲುವ ಸ್ಲಿಪ್‌ಜಾಯಿಂಟ್‌ನಿಂದ ಶುರು ಮಾಡಿ, ಅದು ಸುಲಭ ಅನ್ನುವವರೂ ಸಿಗುತ್ತಾರೆ. ನಾನಂತೂ ಒಪ್ಪಲ್ಲ. ಅದರ ಬೆನ್ನಿನ ಸ್ಪ್ರಿಂಗ್ ತೆರೆದಾಗ, ಅರ್ಧ ತೆರೆದಾಗ, ಮಡಚಿದಾಗ, ಮೂರರಲ್ಲೂ ಹಿಡಿಯ ಅಂಚಿಗೆ ಸಮ ಕೂರಬೇಕು. ಕೂರಿಸಿ ನೋಡಲಿ ಅವರು! ನೀವು ಹಳೆಯ ಲೈನರ್ ಲಾಕ್ ಚಾಕು ಒಂದನ್ನು ಬಿಚ್ಚಿ, ಪಿವಟ್ ಮತ್ತು ಸ್ಟಾಪ್ ಪಿನ್ ಎಲ್ಲಿವೆ ಅಂತ ಹಾಳೆ ಮೇಲೆ ಗುರುತು ಹಾಕಿಕೊಳ್ಳಿ. ಮೊದಲ ಚಿತ್ರವನ್ನು ಆ ಎರಡು ಚುಕ್ಕಿಗಳ ಸುತ್ತಲೇ ಬರೆಯಿರಿ.